ಸೊನ್ನೆ ಬಿದ್ದದ್ದು ಯಾರಿಗೆ?

ಇವತ್ತು ರಾಜಕೀಯ ಇಲ್ಲ. ಹರಿಹರ ತಾಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿಯೊಬ್ಬರು ನನಗೊಂದು ಪತ್ರ ಬರೆದಿದ್ದಾರೆ. ಹೆಸರು, ಊರು ಹೇಳಬೇಡಿ ಅಂದಿದ್ದಾರೆ, ಹೇಳಲ್ಲ. ವಿಷಯ ಇಷ್ಟು. ಕಿರುಪರೀಕ್ಷೆಯಲ್ಲಿ ಎರಡು ಅಂಕದ ಒಂದು ಪ್ರಶ್ನೆ ಕೊಟ್ಟಿದ್ದರು: ವಿಶ್ವದ ಉಗಮ ಹೇಗಾಯಿತು? ಒಬ್ಬ ಹುಡುಗ ಒಂದೇ ಸಾಲು ಬರೆದ. ದೇವರು ಸೃಷ್ಟಿ ಮಾಡಿದ, ಅಷ್ಟೇ. ಇವರು ಸೊನ್ನೆ ಹಾಕಿದರು. ಮರುದಿನ ಬೆಳಗ್ಗೆ ಹುಡುಗನ ತಂದೆ ಶಾಲೆಗೆ ಬಂದರು.

"ದೇವ್ರು ಅಂತ ಬರದ್ರೆ ಸೊನ್ನೆ ಹಾಕ್ತೀರೇನ್ರಿ ಮೇಡಂ? ಹಂಗಾದ್ರೆ ನಾವು ಸೋಮವಾರ ಸೋಮವಾರ ಗುಡಿಗೆ ಹೋಗದೆಲ್ಲ ಸುಳ್ಳೇನ್ರಿ?"

ಮುಖ್ಯೋಪಾಧ್ಯಾಯರು ಮೆಲ್ಲಗೆ, ಎರಡು ಮಾರ್ಕ್ಸ್ ತಾನೇ ಮೇಡಂ, ಕೊಟ್ಟು ಕಳಿಸಿಬಿಡಿ ಅಂದರಂತೆ. ಇವರು ಕೊಡಲಿಲ್ಲ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆದಿದ್ದಾರೆ. ಕಾರಣ, ಅವರೂ ದೇವರಿಗೆ ಕೈ ಮುಗಿಯುವವರೇ. ಪತ್ರದ ಕೊನೇ ಸಾಲು ಹೀಗಿದೆ: "ಸರ್, ನಾನು ಮಾಡಿದ್ದು ಸರಿಯಾ?"

ಇದಕ್ಕೆ ಉತ್ತರ ಕೊಡೋಕೆ ನನಗೆ ಸ್ವಲ್ಪ ಮುಜುಗರ ಇದೆ. ಎರಡು ವರ್ಷದ ಹಿಂದೆ ಇದೇ ಸ್ಟುಡಿಯೋದಲ್ಲಿ "ದೇವರೋ, ಬಿಗ್ ಬ್ಯಾಂಗೋ?" ಅಂತ ಒಂದು ಗಂಟೆ ಚರ್ಚೆ ನಡೆಸಿದವನು ನಾನೇ. ಎಡಗಡೆ ಒಬ್ಬ ಸ್ವಾಮೀಜಿ, ಬಲಗಡೆ ಒಬ್ಬ ವಿಚಾರವಾದಿ, ನಡುವೆ ನಾನು, ಕೆಳಗೆ ಕೆಂಪು ಪಟ್ಟಿ. ಒಂದು ಗಂಟೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬೈದರು, ರೇಟಿಂಗ್ ಚೆನ್ನಾಗಿ ಬಂತು. ಬಿಗ್ ಬ್ಯಾಂಗ್ ಅಂದರೆ ಏನು ಅಂತ ಮಾತ್ರ ಯಾರೂ ಹೇಳಲಿಲ್ಲ. ಇಂಜಿನಿಯರಿಂಗ್ ಓದಿದ ನಾನೂ ಕೇಳಲಿಲ್ಲ. ಆ ಬಾಕಿಯನ್ನು ಇವತ್ತು ತೀರಿಸ್ತೀನಿ.

ಮೊದಲು ಹರಿಹರಕ್ಕೇ ಹೋಗೋಣ. ದಾವಣಗೆರೆಯಿಂದ ಬಸ್ಸು ಹತ್ತಿದರೆ ಅರ್ಧ ಗಂಟೆ. ತುಂಗಭದ್ರೆಯ ದಡದಲ್ಲಿ ಹರಿಹರೇಶ್ವರನ ಗುಡಿ. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಅಲ್ಲಿ ಯಾರನ್ನಾದರೂ ಹಿಡಿದು "ಈ ಗುಡಿ ಹೇಗೆ ಬಂತು?" ಅಂತ ಕೇಳಿ. ಒಬ್ಬರು ಗುಹಾಸುರನ ಕತೆ ಹೇಳ್ತಾರೆ. ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ಬ್ರಹ್ಮನಿಂದ ವರ ಪಡೆದಿದ್ದ ರಾಕ್ಷಸ, ಅವನನ್ನು ಕೊಲ್ಲಲು ಇಬ್ಬರೂ ಒಂದೇ ದೇಹವಾಗಿ ಬಂದರು ಅಂತ. ಇನ್ನೊಬ್ಬರು, ಸ್ವಲ್ಪ ಓದಿಕೊಂಡವರು, ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ, 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಇನ್ನಷ್ಟು ಸೇರಿಸಿದ ಅಂತಾರೆ. ಎರಡೂ ಉತ್ತರ ಒಂದೇ ಅಂಗಳದಲ್ಲಿ ಎಂಟು ನೂರು ವರ್ಷದಿಂದ ಇವೆ. ಪೋಲಾಳ್ವನ ಹೆಸರು ಹೇಳಿದ್ದಕ್ಕೆ ಪೂಜೆ ನಿಂತಿಲ್ಲ. ಗುಹಾಸುರನ ಕತೆ ಇದೆ ಅಂತ ಶಾಸನ ಓದುವವರು ಓದೋದನ್ನ ಬಿಟ್ಟಿಲ್ಲ. ಆದರೆ ಇತಿಹಾಸದ ಪರೀಕ್ಷೆಯಲ್ಲಿ "ಹರಿಹರೇಶ್ವರ ದೇವಾಲಯ ಕಟ್ಟಿಸಿದವರು ಯಾರು?" ಅಂತ ಕೇಳಿದಾಗ "ಹರಿಹರೇಶ್ವರನೇ" ಅಂತ ಬರೆದರೆ ಅಂಕ ಬರುತ್ತಾ? ಬರಲ್ಲ. ಅದನ್ನು ಯಾರ ತಂದೆಯೂ ಕೇಳಿಕೊಂಡು ಬರಲ್ಲ.

ಇದೇ ಊರಿನ ಇನ್ನೊಂದು ಉದಾಹರಣೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1940ರ ದಶಕದಿಂದ ಹರಿಹರದಲ್ಲಿ ಲೇಥ್ ಮಾಡುತ್ತಿತ್ತು. ಈಗಿಲ್ಲ, ಆದರೆ ನಾವು ಇಂಜಿನಿಯರಿಂಗ್ ಓದುವಾಗ ವರ್ಕ್‌ಶಾಪಿನಲ್ಲಿ ಕಿರ್ಲೋಸ್ಕರ್ ಲೇಥ್ ಅಂದರೆ ಒಂದು ಗೌರವ. ಆಯುಧ ಪೂಜೆ ದಿನ ಲೇಥಿಗೆ ಕುಂಕುಮ, ಚೆಂಡು ಹೂವಿನ ಹಾರ, ಚಕ್ಕಿನ ಮೇಲೆ ನಿಂಬೆಹಣ್ಣು. ಮರುದಿನ ಅದೇ ಲೇಥಿನಲ್ಲಿ ತಿರುಗಿಸಿದ ಶಾಫ್ಟ್ ಒಂದು ತುದಿಯಲ್ಲಿ ದಪ್ಪ, ಒಂದು ತುದಿಯಲ್ಲಿ ತೆಳ್ಳಗೆ ಬಂತು ಅನ್ನಿ. ಫೋರ್‌ಮನ್ ಕೇಳ್ತಾನೆ, ಯಾಕೆ ಹಿಂಗಾಯ್ತು? "ದೇವರ ಇಚ್ಛೆ ಸಾರ್" ಅಂದರೆ ಮನೆಗೆ ಹೋಗು ಅಂತಾನೆ. ಕುಂಕುಮ ಹಚ್ಚಿದವನೂ ಅವನೇ! ಟೇಲ್‌ಸ್ಟಾಕ್ ಸರಿದಿದೆಯಾ, ಟೂಲ್ ಸವೆದಿದೆಯಾ, ಮೈಕ್ರೋಮೀಟರ್ ಏನು ಹೇಳುತ್ತೆ, ಅವನಿಗೆ ಬೇಕಾಗಿರೋದು ಅದು. "ದೇವರ ಇಚ್ಛೆ" ಸುಳ್ಳು ಅಂತ ಅವನು ಹೇಳ್ತಿಲ್ಲ. ಆ ಉತ್ತರ ಶಾಫ್ಟ್ ನೆಟ್ಟಗೆ ಬಂದಾಗಲೂ ಸರಿ, ಸೊಟ್ಟಗೆ ಬಂದಾಗಲೂ ಸರಿ. ಏನೇ ಆದರೂ ಸರಿಹೋಗುವ ಉತ್ತರದಿಂದ ಲೇಥ್ ರಿಪೇರಿ ಆಗಲ್ಲ.

ಈಗ ವಿಶ್ವಕ್ಕೆ ಬರೋಣ. ಬಿಗ್ ಬ್ಯಾಂಗ್ ಅಂದ ತಕ್ಷಣ ನಮ್ಮ ತಲೆಗೆ ದೀಪಾವಳಿ ಪಟಾಕಿ ಬರುತ್ತೆ. ತಪ್ಪು ಚಿತ್ರ ಅದು. ಪೂರಿ ಹಿಟ್ಟಿಗೆ ಓಂಕಾಳು ಹಾಕಿ ಲಟ್ಟಿಸಿ ಎಣ್ಣೆಗೆ ಬಿಡಿ. ಪೂರಿ ಉಬ್ಬಿದ ಹಾಗೆ ಪ್ರತಿ ಕಾಳೂ ಉಳಿದೆಲ್ಲ ಕಾಳುಗಳಿಂದ ದೂರ ಸರಿಯುತ್ತೆ. ಯಾವ ಕಾಳಿನ ಮೇಲೆ ಕೂತು ನೋಡಿದರೂ ನಾನೇ ನಡುವೆ ಇದ್ದೀನಿ, ಎಲ್ಲರೂ ನನ್ನಿಂದ ಓಡ್ತಿದ್ದಾರೆ ಅನಿಸುತ್ತೆ. 1929ರಲ್ಲಿ ಎಡ್ವಿನ್ ಹಬಲ್ ಗೆಲಾಕ್ಸಿಗಳ ವಿಷಯದಲ್ಲಿ ಪ್ರಕಟಿಸಿದ್ದು ಇದನ್ನೇ: ದೂರ ಇದ್ದಷ್ಟೂ ಜೋರಾಗಿ ಸರಿಯುತ್ತಿವೆ. ಸಿನಿಮಾ ರೀಲನ್ನು ಹಿಂದಕ್ಕೆ ಓಡಿಸಿದರೆ ಎಲ್ಲವೂ ಹತ್ತಿರ ಹತ್ತಿರ, ಬಿಸಿ ಬಿಸಿ. ಲೆಕ್ಕ ಹಾಕಿದರೆ ಸುಮಾರು 1380 ಕೋಟಿ ವರ್ಷ ಹಿಂದಕ್ಕೆ ಹೋಗ್ತೀವಿ.

ಹಬಲ್‌ಗಿಂತ ಎರಡು ವರ್ಷ ಮೊದಲೇ, 1927ರಲ್ಲಿ, ಹಿಗ್ಗುವ ವಿಶ್ವದ ಗಣಿತವನ್ನು ಬರೆದವರು ಬೆಲ್ಜಿಯಂನ ಜಾರ್ಜ್ ಲೆಮೇತ್ರ್. ಅವರು ಕ್ಯಾಥೊಲಿಕ್ ಪಾದ್ರಿ! 1931ರಲ್ಲಿ, ವಿಶ್ವವೆಲ್ಲ ಒಂದು "ಆದಿಮ ಪರಮಾಣು"ವಿನಿಂದ ಶುರುವಾಗಿರಬೇಕು ಅಂತ ಅವರೇ ಹೇಳಿದರು. ಇನ್ನೊಂದು ಕಡೆ ಇಂಗ್ಲೆಂಡಿನ ಫ್ರೆಡ್ ಹಾಯ್ಲ್. ನಾಸ್ತಿಕ. ವಿಶ್ವಕ್ಕೊಂದು ಆರಂಭ ಅನ್ನೋದೇ ಅವರಿಗೆ ಹಿಡಿಸಲಿಲ್ಲ. 1948ರಲ್ಲಿ, ವಿಶ್ವ ಯಾವಾಗಲೂ ಹೀಗೇ ಇತ್ತು ಅನ್ನುವ ಸ್ಥಿರ ಸ್ಥಿತಿ ಸಿದ್ಧಾಂತ ಮಂಡಿಸಿದವರಲ್ಲಿ ಅವರೊಬ್ಬರು. ಮರುವರ್ಷ ಬಿಬಿಸಿ ರೇಡಿಯೋದಲ್ಲಿ ಮಾತಾಡುತ್ತಾ ಎದುರಾಳಿಗಳ ಸಿದ್ಧಾಂತಕ್ಕೆ "ಬಿಗ್ ಬ್ಯಾಂಗ್" ಅಂತ ಹೆಸರಿಟ್ಟವರೂ ಅವರೇ. ಕೊಲ್ಹಾಪುರದಲ್ಲಿ ಹುಟ್ಟಿದ ನಮ್ಮ ಜಯಂತ ನಾರಳೀಕರ್ ಹಾಯ್ಲ್ ಅವರ ಶಿಷ್ಯ. ಅವರೂ ಬಹುಕಾಲ ಬಿಗ್ ಬ್ಯಾಂಗ್ ಒಪ್ಪಲಿಲ್ಲ, ಗಣಿತದಲ್ಲೇ ಜಗಳ ಆಡಿದರು.

ನನ್ನ ಸ್ಟುಡಿಯೋಗೆ ಹೇಳಿ ಮಾಡಿಸಿದಂಥ ಜೋಡಿ, ಅಲ್ವಾ? ಎಡಗಡೆ ಪಾದ್ರಿ, ಬಲಗಡೆ ನಾಸ್ತಿಕ. ಅದನ್ನು ತೀರ್ಮಾನ ಮಾಡಿದ್ದು ಯಾರ ನಂಬಿಕೆಯೂ ಅಲ್ಲ, ಒಂದು ಆಂಟೆನಾ. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಒಂದು ದೊಡ್ಡ ಕೊಂಬಿನ ಆಕಾರದ ಆಂಟೆನಾ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಯಾವ ದಿಕ್ಕಿಗೆ ತಿರುಗಿಸಿದರೂ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಉಪಕರಣ ಕೆಟ್ಟಿದೆಯಾ ನೋಡಿದರು. ಒಳಗೆ ಪಾರಿವಾಳ ಗೂಡು ಕಟ್ಟಿದ್ದವು, ಹಿಕ್ಕೆಯನ್ನೆಲ್ಲ ತೊಳೆದರು. ಸದ್ದು ಹೋಗಲಿಲ್ಲ. ಕೊನೆಗೆ ಗೊತ್ತಾಯಿತು, ಅದು ವಿಶ್ವ ಹುಟ್ಟಿ ಸುಮಾರು 3.8 ಲಕ್ಷ ವರ್ಷ ಆದಾಗ ಹೊರಟ ಬೆಳಕು, ಹಿಗ್ಗಿ ಹಿಗ್ಗಿ ತಣ್ಣಗಾಗಿ ಈಗ ಮೈನಸ್ 270 ಡಿಗ್ರಿಗೆ ಬಂದಿರುವ ಬಿಸಿಯ ಶೇಷ. ಬಿಸಿ ಆರಂಭ ಇದ್ದಿದ್ದರೆ ಇಂಥದ್ದೊಂದು ಶೇಷ ಇರಲೇಬೇಕು ಅಂತ ಅದಕ್ಕೂ ಮೊದಲೇ ಲೆಕ್ಕ ಹಾಕಿದವರಿದ್ದರು. ಹಾಯ್ಲ್ ಸಿದ್ಧಾಂತಕ್ಕೆ ಏಟು ಬಿದ್ದದ್ದು ಅಲ್ಲಿ. ಲೆಮೇತ್ರ್ ತೀರಿಕೊಂಡದ್ದು 1966ರ ಜೂನ್‌ನಲ್ಲಿ. ಅದಕ್ಕೆ ಸ್ವಲ್ಪ ಮೊದಲು ಈ ಸುದ್ದಿ ಅವರ ಕಿವಿಗೆ ಬಿತ್ತು.

ನೀವೂ ಆ ಬೆಳಕನ್ನು ನೋಡಿದ್ದೀರಿ. ಡಿಶ್ ಬರೋದಕ್ಕೆ ಮುಂಚೆ, ಮನೆ ಮೇಲೆ ಆಂಟೆನಾ ಇದ್ದ ಕಾಲದಲ್ಲಿ, ಚಾನೆಲ್ ಹೋದಾಗ ಪರದೆ ಮೇಲೆ ಇರುವೆ ಓಡಾಡಿದ ಹಾಗೆ ಚುಕ್ಕೆ ಬರ್ತಿತ್ತಲ್ಲ? ಆ ಚುಕ್ಕೆಗಳಲ್ಲಿ ನೂರಕ್ಕೆ ಒಂದರಷ್ಟು ಈ ಹಿನ್ನೆಲೆ ವಿಕಿರಣದ್ದು. ನಮ್ಮ ಚಾನೆಲ್‌ಗಳು ಪ್ರಸಾರ ಮಾಡಿದ್ದರಲ್ಲಿ ಅತ್ಯಂತ ಹಳೆಯ ಬ್ರೇಕಿಂಗ್ ನ್ಯೂಸ್ ಅದೇ ಇರಬೇಕು, ಅದೂ ಪ್ರಸಾರ ನಿಂತಾಗ!

ಪೆಂಜಿಯಾಸ್, ವಿಲ್ಸನ್ ಆ ಸದ್ದು ಕೇಳಿದ ಮೊದಲ ದಿನವೇ "ಇದು ದೈವವಾಣಿ" ಅಂದಿದ್ದರೆ ಹಿಕ್ಕೆ ತೊಳೆಯುತ್ತಿರಲಿಲ್ಲ. ನಂಬಿಕೆ ಇರುವವನು ವಿಜ್ಞಾನ ಮಾಡಬಾರದು ಅಂತ ಇದರ ಅರ್ಥ ಅಲ್ಲ, ಲೆಮೇತ್ರ್ ಇದ್ದಾರಲ್ಲ. ಅವರ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಘಟನೆ ಒಂದಿದೆ. 1951ರ ನವೆಂಬರ್‌ನಲ್ಲಿ ಪೋಪ್ ಹನ್ನೆರಡನೇ ಪಯಸ್ ಒಂದು ಭಾಷಣ ಮಾಡಿದರು. ಆಧುನಿಕ ವಿಜ್ಞಾನವೇ ಸೃಷ್ಟಿಕರ್ತನ ಕಡೆಗೆ ಬೆರಳು ತೋರಿಸುತ್ತಿದೆ ಅನ್ನುವ ಧಾಟಿ. ಬೇರೆ ಯಾರಾದರೂ ಆಗಿದ್ದರೆ ಕುಣಿದುಬಿಡುತ್ತಿದ್ದರು, ತನ್ನ ಸಿದ್ಧಾಂತಕ್ಕೆ ಸಾಕ್ಷಾತ್ ಪೋಪ್ ಬೆಂಬಲ! ಲೆಮೇತ್ರ್‌ಗೆ ಅದು ಸರಿ ಕಾಣಲಿಲ್ಲ. ತಮ್ಮ ಸಿದ್ಧಾಂತಕ್ಕೂ ಧರ್ಮದ ಪ್ರಶ್ನೆಗೂ ಸಂಬಂಧವಿಲ್ಲ, ಆಸ್ತಿಕನೂ ನಾಸ್ತಿಕನೂ ಅದನ್ನು ಸಮನಾಗಿ ಒಪ್ಪಬಹುದು ಅಥವಾ ಬಿಡಬಹುದು ಅನ್ನೋದು ಅವರ ನಿಲುವು. ಮರುವರ್ಷ ಖಗೋಳಶಾಸ್ತ್ರಜ್ಞರ ಮುಂದೆ ಮಾತಾಡಿದಾಗ ಪೋಪ್ ಆ ಮಾತನ್ನು ಮತ್ತೆ ಎತ್ತಲಿಲ್ಲ. ಪಾದ್ರಿಯ ಲೆಕ್ಕಾಚಾರ ಸರಳ: ನಾಳೆ ಸಿದ್ಧಾಂತ ಬಿದ್ದುಹೋದರೆ, ಅದರ ಮೇಲೆ ಕೂರಿಸಿದ ದೇವರೂ ಬೀಳಬೇಕಲ್ಲ?

ಹೀಗೆ ಬೀಳಿಸಿಕೊಂಡ ಉದಾಹರಣೆ ಇದೆ. ಗ್ರಹಗಳ ಚಲನೆಯನ್ನು ಬಿಡಿಸಿ ಹೇಳಿದ ನ್ಯೂಟನ್‌ಗೆ ಒಂದು ಅನುಮಾನ ಉಳಿದಿತ್ತು, ಗ್ರಹಗಳು ಒಂದನ್ನೊಂದು ಎಳೆದಾಡಿ ಕಾಲಾಂತರದಲ್ಲಿ ದಾರಿ ತಪ್ಪಬೇಕಲ್ಲ ಅಂತ. ಆಗಾಗ ದೇವರೇ ಸರಿಮಾಡಬೇಕು ಅಂದರು. ಸುಮಾರು ನೂರು ವರ್ಷ ಆದಮೇಲೆ ಫ್ರಾನ್ಸಿನ ಲಾಪ್ಲಾಸ್ ಆ ಎಳೆದಾಟದ ಲೆಕ್ಕವನ್ನು ಮುಂದುವರಿಸಿದ, ನ್ಯೂಟನ್ ಹೆದರಿದ್ದ ಏರುಪೇರು ತಾನಾಗಿಯೇ ಹಿಂದಕ್ಕೂ ಮುಂದಕ್ಕೂ ತೂಗುತ್ತೆ ಅಂತ ತೋರಿಸಿದ. ದೇವರಿಗೆ ಕೊಟ್ಟಿದ್ದ ಕೆಲಸ ಹೋಯಿತು. ನಮ್ಮಲ್ಲೂ ಮಳೆ ಬರದಿದ್ದರೆ ಕಪ್ಪೆ ಮದುವೆ ಮಾಡ್ತೀವಿ, ಆ ಸುದ್ದಿಯನ್ನು ನಗುನಗುತ್ತಾ ನಾನೇ ಓದಿದ್ದೀನಿ. ಗೊತ್ತಿಲ್ಲದ ಜಾಗಕ್ಕೆಲ್ಲ ದೇವರನ್ನು ತುರುಕುತ್ತಾ ಹೋದರೆ, ಗೊತ್ತಾಗುತ್ತಾ ಬಂದ ಹಾಗೆ ಅವನನ್ನು ಎಬ್ಬಿಸಿ ಎಬ್ಬಿಸಿ ಕಳಿಸಬೇಕಾಗುತ್ತೆ. ಭಕ್ತರಿಗೆ ಇದು ಹೆಚ್ಚು ನೋವು ಕೊಡಬೇಕು.

ಇದೆಲ್ಲ ಪಶ್ಚಿಮದವರ ಜಗಳ ಅಂತ ನಮ್ಮ ಸ್ಟುಡಿಯೋದ ಸ್ವಾಮೀಜಿ ಹೇಳಿದ್ದರು. ಅಲ್ಲ ಸ್ವಾಮಿ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಗುರು ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಬರೆದ ಮಹಾಪುರಾಣದಲ್ಲಿ ಈ ವಾದ ಬರುತ್ತೆ. ದೇವರು ಲೋಕ ಮಾಡಿದ ಅಂತೀರಿ, ಮಾಡುವ ಮುಂಚೆ ಅವನು ಎಲ್ಲಿದ್ದ? ಸಾಮಗ್ರಿ ಎಲ್ಲಿಂದ ತಂದ? ಸಾಮಗ್ರಿಯನ್ನೂ ಅವನೇ ಮಾಡಿದ ಅಂದರೆ, ಅದಕ್ಕೆ ಸಾಮಗ್ರಿ? ಜಿನಸೇನರ ಇದೇ ಕೃತಿಯ ಆಧಾರದ ಮೇಲೆ ಪಂಪ 941ರಲ್ಲಿ ಕನ್ನಡದ ಆದಿಪುರಾಣ ಬರೆದ. ಇತ್ತ ನ್ಯಾಯ ದರ್ಶನದವರು, ಮಡಕೆ ಇದೆ ಅಂದಮೇಲೆ ಕುಂಬಾರ ಇರಲೇಬೇಕು, ಜಗತ್ತು ಇದೆ ಅಂದಮೇಲೆ ಮಾಡಿದವನು ಇರಲೇಬೇಕು ಅಂತ ವಾದಿಸಿದರು. ಮೀಮಾಂಸಕರು ವೇದ ಒಪ್ಪುವವರೇ, ಆದರೂ ಸೃಷ್ಟಿಕರ್ತ ಬೇಡ ಅಂದರು. ಅಂದರೆ "ದೇವರು ಸೃಷ್ಟಿ ಮಾಡಿದ" ಅನ್ನೋದನ್ನ ಪ್ರಶ್ನೆ ಮಾಡಿದರೆ ನಮ್ಮ ಸಂಸ್ಕೃತಿಗೆ ವಿರೋಧ ಅನ್ನುವ ಮಾತು ಈ ನಾಡಿನಲ್ಲಿ ಓಡಲ್ಲ.

ವಾಟ್ಸ್ಯಾಪಿನಲ್ಲಿ ಬರುವ ಇನ್ನೊಂದು ವಾದ ಇದೆ. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಯ ವಯಸ್ಸು ಸುಮಾರು 455 ಕೋಟಿ, ನೋಡಿ ಎಷ್ಟು ಹತ್ತಿರ! ಸಂಖ್ಯೆ ಹತ್ತಿರ ಇದೆ, ಒಪ್ಪುತ್ತೀನಿ. ಆದರೆ 455 ಬಂದದ್ದು 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಪ್ರಕಟಿಸಿದ, ಉಲ್ಕಾಶಿಲೆಗಳಲ್ಲಿನ ಸೀಸವನ್ನು ಅಳೆದ ಲೆಕ್ಕದಿಂದ. 432 ಬಂದದ್ದು ಯುಗಗಳ ಗುಣಾಕಾರದಿಂದ, ಅಲ್ಲಿ ಅಳೆದ ಕಲ್ಲು ಇಲ್ಲ. ಇಂಜಿನಿಯರಿಂಗ್‌ನಲ್ಲಿ ಉತ್ತರ ಸರಿ ಬಂದು ಸ್ಟೆಪ್ಸ್ ಇಲ್ಲದಿದ್ದರೆ ನಮಗೆ ಎಷ್ಟು ಮಾರ್ಕ್ಸ್ ಕೊಡ್ತಿದ್ದರು ಅಂತ ನನಗೆ ಚೆನ್ನಾಗಿ ನೆನಪಿದೆ.

ಹಾಗಾದರೆ ಬಿಗ್ ಬ್ಯಾಂಗ್‌ಗೆ ಮೊದಲು ಏನಿತ್ತು? ಮೊದಲ ಕೆಲವು ನಿಮಿಷದವರೆಗೆ ನಮ್ಮ ಲೆಕ್ಕ ಗಟ್ಟಿಯಾಗಿದೆ. ಆಗ ಬೆಂದ ಅಡುಗೆಯಲ್ಲಿ ತೂಕದ ಲೆಕ್ಕದಲ್ಲಿ ಮುಕ್ಕಾಲು ಪಾಲು ಹೈಡ್ರೋಜನ್, ಕಾಲು ಪಾಲು ಹೀಲಿಯಂ ಇರಬೇಕು ಅಂತ ಸಿದ್ಧಾಂತ ಹೇಳುತ್ತೆ, ಆಕಾಶದಲ್ಲಿ ನೋಡಿದರೆ ಹೆಚ್ಚುಕಮ್ಮಿ ಅಷ್ಟೇ ಇದೆ. ಇನ್ನೂ ಹಿಂದಕ್ಕೆ, ಮೊಟ್ಟಮೊದಲ ಕ್ಷಣದ ಒಳಗೆ ಹೋದರೆ ಐನ್‌ಸ್ಟೈನ್ ಗಣಿತವೂ ಕ್ವಾಂಟಂ ಗಣಿತವೂ ಒಂದಕ್ಕೊಂದು ಹೊಂದಲ್ಲ. ಅಲ್ಲಿ ವಿಜ್ಞಾನದ ಉತ್ತರ "ಗೊತ್ತಿಲ್ಲ". 1983ರಲ್ಲಿ ಹಾರ್ಟ್ಲ್ ಮತ್ತು ಹಾಕಿಂಗ್ ಒಂದು ಪ್ರಸ್ತಾವ ಇಟ್ಟರು, ಅದರ ಪ್ರಕಾರ "ಮೊದಲು" ಅನ್ನೋದಕ್ಕೇ ಅರ್ಥ ಇಲ್ಲ, ದಕ್ಷಿಣ ಧ್ರುವದ ದಕ್ಷಿಣಕ್ಕೆ ಏನಿದೆ ಅಂತ ಕೇಳಿದ ಹಾಗೆ. ಚೆಂದದ ವಿಚಾರ, ಸಾಬೀತಾಗಿಲ್ಲ. ಲೆಕ್ಕವಿಲ್ಲದಷ್ಟು ವಿಶ್ವಗಳಿವೆ ಅಂತ ಹೇಳುವವರೂ ಇದ್ದಾರೆ. ಅಳೆಯೋಕೆ ಆಗಲ್ಲ ಅಂತ ದೇವರನ್ನು ಲ್ಯಾಬಿನ ಹೊರಗೆ ಕೂರಿಸಿದ ಮೇಲೆ, ಅಳೆಯೋಕಾಗದ ಆ ವಿಶ್ವಗಳನ್ನು ಒಳಗೆ ಕರೆದು ಕುರ್ಚಿ ಕೊಡೋದು ನನಗೆ ನ್ಯಾಯ ಅನಿಸಲ್ಲ. ಅವೂ ಹೊರಗೆ ಸಾಲಿನಲ್ಲಿ ನಿಲ್ಲಲಿ. ಇನ್ನು, ಏನೂ ಇಲ್ಲದೇ ಇರೋದರ ಬದಲು ಏನಾದರೂ ಯಾಕಿದೆ ಅನ್ನುವ ಪ್ರಶ್ನೆ. ಅದನ್ನು ಕೇಳುವ ಹಕ್ಕು ತತ್ವಜ್ಞಾನಿಗೂ ಇದೆ, ಭಕ್ತನಿಗೂ ಇದೆ, ರಾತ್ರಿ ಮಾಳಿಗೆ ಮೇಲೆ ಮಲಗಿದ ಹುಡುಗನಿಗೂ ಇದೆ. ಎರಡು ಅಂಕದ ಪ್ರಶ್ನೆ ಅದಲ್ಲ.

ಮೇಡಂ, ನೀವು ಮಾಡಿದ್ದು ಸರಿ. ವೈಜ್ಞಾನಿಕ ಮನೋಭಾವ ಬೆಳೆಸಬೇಕು ಅಂತ ಸಂವಿಧಾನದ 51ಎ(ಎಚ್) ಪ್ರತಿ ನಾಗರಿಕರಿಗೂ ಹೇಳಿದೆ, ವಿಜ್ಞಾನದ ಟೀಚರಿಗೆ ಸಂಬಳ ಕೊಡೋದೂ ಅದಕ್ಕೇ. ಆದರೆ ನಾಳೆ ಇನ್ನೊಬ್ಬ ಹುಡುಗ "ಬಿಗ್ ಬ್ಯಾಂಗ್ ಆಗಿದೆ, ಆದ್ದರಿಂದ ದೇವರಿಲ್ಲ" ಅಂತ ಮಾತ್ರ ಬರೆದರೆ ಅವನಿಗೂ ಸೊನ್ನೆಯೇ ಹಾಕಬೇಕು. ಅವನೂ ಹೇಗೆ ಅಂತ ಹೇಳಿಲ್ಲ. ಆ ತಂದೆಗೆ ಇದೊಂದು ಮಾತು ಹೇಳಿ: ಸೊನ್ನೆ ದೇವರಿಗಲ್ಲ, ಉತ್ತರಕ್ಕೆ.

ಇಷ್ಟನ್ನು ನಾನು ಪತ್ರದಲ್ಲಿ ಬರೆದು ಕಳಿಸಿದ್ದೆ. ಹೋದ ವಾರ ಅವರು ಫೋನ್ ಮಾಡಿದ್ದರು. ತಂದೆ ಪೂರ್ತಿ ಒಪ್ಪಿಲ್ಲ, ಆದರೆ ಮತ್ತೆ ಜಗಳಕ್ಕೆ ಬಂದಿಲ್ಲ. ಮುಂದಿನ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಬದಲಾಯಿಸಿದರಂತೆ: ಬಿಗ್ ಬ್ಯಾಂಗ್ ಸಿದ್ಧಾಂತಕ್ಕೆ ಎರಡು ಆಧಾರ ಬರೆಯಿರಿ. ಅದೇ ಹುಡುಗ ಹಿನ್ನೆಲೆ ವಿಕಿರಣ ಸರಿಯಾಗಿ ಬರೆದ, ಪಾರಿವಾಳದ ಸಮೇತ. ಎರಡನೇದರಲ್ಲಿ ಹೈಡ್ರೋಜನ್ ಕಾಲು ಭಾಗ, ಹೀಲಿಯಂ ಮುಕ್ಕಾಲು ಭಾಗ ಅಂತ ಉಲ್ಟಾ ಬರೆದಿದ್ದ. ಅರ್ಧ ಅಂಕ ಕಟ್ ಮಾಡಿದೆ ಸರ್ ಅಂದರು.