ಅಂತರ್ಜಾಲದಲ್ಲಿ ಬೆಲೆಬಾಳುವ ಸೀರೆ: ವಿವರವೂ ಬಂಡವಾಳವೇ

ಅಂಗಡಿಗೆ ಬಂದ ಗಿರಾಕಿಯು ಸೀರೆಯನ್ನು ಕೈಯಲ್ಲಿ ಹಿಡಿದು, ಸೆರಗು ಬಿಡಿಸಿ, ಬಾಗಿಲ ಬೆಳಕಿಗೆ ಒಯ್ದು ಬಣ್ಣ ನೋಡುವುದುಂಟು. ಅಂತರ್ಜಾಲದ ಮಾರಾಟದಲ್ಲಿ ಈ ಅವಕಾಶವಿಲ್ಲ. ಹನ್ನೆರಡು ಸಾವಿರ ರೂಪಾಯಿಯ ಸೀರೆಯನ್ನು ಮುಟ್ಟದೆ ಕೊಳ್ಳುವವರಿಗೆ ಛಾಯಾಚಿತ್ರ, ವಿವರಣೆ ಹಾಗೂ ಮನೆಗೆ ಬಂದು ತಲುಪುವ ಪೆಟ್ಟಿಗೆ, ಇವೇ ಅಂಗಡಿ. ಸೋಂಪುರ, ದೊಡ್ಡಬಳ್ಳಾಪುರ ಭಾಗದ ನಮ್ಮ ಸಣ್ಣ ಉತ್ಪಾದಕರು ಇವುಗಳ ಖರ್ಚನ್ನು ಕೇವಲ ಅಲಂಕಾರವೆಂದು ಬಗೆಯುವುದನ್ನು ಕಂಡಿದ್ದೇನೆ. ಲೆಕ್ಕಪತ್ರ ನೋಡುವವನಾಗಿ ನನ್ನ ಅಭಿಪ್ರಾಯ ಬೇರೆ.

ಲಂಡನ್ನಿನಲ್ಲಿ 2000ರಲ್ಲಿ ನತಾಲಿ ಮಸ್ನೆ ಅವರು ಆರಂಭಿಸಿದ ‘ನೆಟ್-ಎ-ಪೋರ್ಟರ್’ ದುಬಾರಿ ಉಡುಪುಗಳನ್ನು ನಿಯತಕಾಲಿಕದ ಪುಟಗಳಂತೆ ಜೋಡಿಸಿ ತೋರಿಸಿತು. ರಿಬ್ಬನ್ ಕಟ್ಟಿದ ಕಪ್ಪು ಪೆಟ್ಟಿಗೆಯೇ ಅದರ ಗುರುತಾಯಿತು. ಇದನ್ನು ಅರಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1912ರಲ್ಲಿ ಆರಂಭವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಇಂದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಅಧೀನದಲ್ಲಿದೆ. ಅಲ್ಲಿಂದ ಹೊರಬರುವ ಪ್ರತಿಯೊಂದು ಸೀರೆಗೂ ಸಂಕೇತ ಸಂಖ್ಯೆ ಮತ್ತು ಹೊಲೊಗ್ರಾಂ ಇರುತ್ತವೆ. ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಎಂದು ನಿಗಮವು ಅಂಕಿ ಸಹಿತ ಹೇಳುತ್ತದೆ. ‘ಅಪ್ಪಟ ಜರಿ’ ಎಂದು ನೂರು ಬಾರಿ ಬರೆಯುವುದಕ್ಕಿಂತ ಈ ಒಂದು ಅಂಕಿಗೆ ಹೆಚ್ಚು ತೂಕ.

ಲೆಕ್ಕಕ್ಕೆ ಬರೋಣ. ಕೆಳಗಿನವು ಕೇವಲ ಉದಾಹರಣೆಯ ಅಂಕಿಗಳು. ಓದುಗರು ತಮ್ಮ ಅಂಕಿಗಳನ್ನು ಹಾಕಿ ನೋಡಬಹುದು. ಒಂದು ಸೀರೆಗೆ ಎಲ್ಲ ಕಮಿಷನ್ ಕಳೆದು ₹1,800 ಲಾಭ. ನೂರು ಸೀರೆ ಕಳುಹಿಸಿದಾಗ 25 ವಾಪಸ್ ಬಂದವು ಎನ್ನಿ. ಉಳಿದ 75ರ ಲಾಭ ₹1,35,000. ವಾಪಸಾತಿಗೆ ಎರಡೂ ಕಡೆಯ ಕೊರಿಯರ್, ಮರು ಇಸ್ತ್ರಿ ಸೇರಿ ತಲಾ ₹600ರಂತೆ ₹15,000 ಹೋಯಿತು. ಹಿಂದಿರುಗಿದವುಗಳಲ್ಲಿ ಐದು ಸೀರೆಗಳ ಮಡಿಕೆ ಕೆಟ್ಟು ತಲಾ ₹3,000 ಕಡಿಮೆಗೆ ಮಾರಿದರೆ ಮತ್ತೆ ₹15,000. ಕೈಯಲ್ಲಿ ಉಳಿಯುವುದು ₹1,05,000. ವಾಪಸಾತಿ ಹತ್ತಕ್ಕೆ ಇಳಿದು, ಅದರಲ್ಲಿ ಎರಡು ಮಾತ್ರ ಕೆಟ್ಟರೆ ಉಳಿಯುವುದು ₹1,50,000. ಸೀರೆಯೊಂದಕ್ಕೆ ₹200ರಂತೆ ಚಿತ್ರ, ಪೆಟ್ಟಿಗೆಗಳಿಗೆ ₹20,000 ಹೆಚ್ಚು ಖರ್ಚು ಮಾಡಿದರೂ ₹25,000 ಮಿಗುತ್ತದೆ. ಹಿಂದಿರುಗಿದ ಸೀರೆಗಳ ಮರುಮಾರಾಟದ ಲಾಭವನ್ನು ಇಲ್ಲಿ ಸೇರಿಸಿಲ್ಲ. ಸೇರಿಸಿದರೆ ಅಂತರ ಕಿರಿದಾಗುತ್ತದೆ. ಆದರೆ ಹಬ್ಬದ ಹೊತ್ತಿಗೆ ಹೋದ ಸರಕು ಹಬ್ಬ ಕಳೆದ ಮೇಲೆ ಬಂದರೆ ಆ ಲಾಭವನ್ನು ನಂಬಿ ಕೂರುವಂತಿಲ್ಲ.

ಸೀರೆಯ ಒಡಲು, ಅಂಚು, ಪೂರ್ತಿ ಬಿಡಿಸಿದ ಸೆರಗು ಇವುಗಳ ಚಿತ್ರ ಹಗಲು ಬೆಳಕಿನಲ್ಲಿ ತೆಗೆದಿರಬೇಕು. ಟ್ಯೂಬ್‌ಲೈಟಿನಲ್ಲಿ ನೇರಳೆ ಬಣ್ಣ ನೀಲಿಯಾಗಿ ಕಾಣುವುದು ಅಪರೂಪವೇನಲ್ಲ. ಹಿಂಬದಿಯ ಚಿತ್ರವನ್ನು ಬಹುಮಂದಿ ಕೈಬಿಡುತ್ತಾರೆ. ನೇಯ್ಗೆ ಬಲ್ಲ ಗ್ರಾಹಕರು ಮೊದಲು ನೋಡುವುದೇ ಅದನ್ನು. ಉದ್ದ, ತೂಕ, ರವಿಕೆ ಕಣ ಸೇರಿದೆಯೋ ಪ್ರತ್ಯೇಕವೋ, ಕುಚ್ಚು ಕಟ್ಟಿದೆಯೋ ಇಲ್ಲವೋ, ಎಲ್ಲವನ್ನೂ ಬರೆಯಬೇಕು. ಟೆಸ್ಟೆಡ್ ಜರಿಯಾದರೆ ಹಾಗೆಂದೇ ಹೇಳಬೇಕು. ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಬರೆಯುವ ಚಾಳಿ ನಮ್ಮಲ್ಲಿ ಬೇಡ. ದೊಡ್ಡಬಳ್ಳಾಪುರದ ಮಗ್ಗಗಳ ಕೆಲಸಕ್ಕೆ ಬೇರೆಯವರ ಹೆಸರಿನ ಹಂಗಿಲ್ಲ. ರೇಷ್ಮೆಯ ಶುದ್ಧತೆಗೆ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ‘ಸಿಲ್ಕ್ ಮಾರ್ಕ್’ ಚೀಟಿ ಇದೆ. ಅದು ಚಿತ್ರದಲ್ಲಿಯೂ ಕಾಣುವಂತಿರಲಿ.

ಈ ವಿವರಣೆಗೆ ಕಾನೂನಿನ ಬಲವೂ ಉಂಟು. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳಂತೆ, ಜಾಹೀರಾತಿನಲ್ಲಿ ಹೇಳಿದ ಲಕ್ಷಣಗಳಿಲ್ಲದ ವಸ್ತುವನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ತೆರಿಗೆಯಲ್ಲಿಯೂ ಎಚ್ಚರ ಅಗತ್ಯ. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿನ ಬೆಲೆ ₹2,500 ಮೀರಿದರೆ ಶೇ. 18 ಜಿಎಸ್‌ಟಿ, ಸೀರೆಯು ಬಟ್ಟೆಯ ವರ್ಗಕ್ಕೆ ಸೇರುವುದರಿಂದ ಶೇ. 5. ಪುಟದಲ್ಲಿ ವರ್ಗ ತಪ್ಪಾಗಿ ನಮೂದಾದರೆ ಹನ್ನೆರಡು ಸಾವಿರದ ಸೀರೆಗೆ ₹1,560ರ ವ್ಯತ್ಯಾಸ ಬರುತ್ತದೆ. ವಾಪಸಾದ ಪ್ರತಿ ಸೀರೆಗೂ ಕ್ರೆಡಿಟ್ ನೋಟ್ ನೀಡಿ, ಮಾರಾಟವಾದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸುವ ಮೊದಲು, ಯಾವುದು ಮುಂಚೆಯೋ ಅದರೊಳಗೆ, ಲೆಕ್ಕಕ್ಕೆ ತರಬೇಕು. ಕ್ರೆಡಿಟ್ ನೋಟಿನ ಪಕ್ಕದಲ್ಲಿ ವಾಪಸಾತಿಯ ಕಾರಣವನ್ನೂ ಒಂದು ಅಂಕಣದಲ್ಲಿ ಬರೆದಿಟ್ಟರೆ, ಮುಂದಿನ ಬಾರಿ ಯಾವ ಚಿತ್ರ ಬದಲಿಸಬೇಕೆಂದು ಆ ಪುಸ್ತಕವೇ ತಿಳಿಸುತ್ತದೆ.