ಗುಬ್ಬಿ, ಕುಣಿಗಲ್, ತುಮಕೂರು: ಎಳೆಯ ನಾಲಿಗೆಗೆ ಒಲಿಯುವ ಕ್ರಮ

ತುಮಕೂರು ಸೀಮೆಯ ಮೂರು ಊರುಗಳ ಹೆಸರನ್ನು ಮೂರು ವರ್ಷದ ಮಗುವಿನ ಬಾಯಲ್ಲಿ ಹೇಳಿಸಿದರೆ, ಮಾತಿನ ಧ್ವನಿಗಳು ಮಕ್ಕಳಿಗೆ ಒಲಿದುಬರುವ ಕ್ರಮದ ಬಹುಭಾಗ ಕೇಳುವವರ ಕಿವಿಗೆ ಬೀಳುತ್ತದೆ. ಗುಬ್ಬಿಯ ಬಕಾರ ತುಟಿಗಳೆರಡು ಕೂಡಿದರೆ ಹುಟ್ಟುವ ಧ್ವನಿಯಾದ್ದರಿಂದ ಬೇಗ ಬರುತ್ತದೆ. ನಾಲಿಗೆಯ ಹಿಂಭಾಗದಿಂದ ಹೊರಡಬೇಕಾದ ಗಕಾರ ಮಾತ್ರ ಹಲ್ಲಿನ ಕಡೆಗೆ ಸರಿದು ಊರು ‘ದುಬ್ಬಿ’ಯಾಗಬಹುದು. ಕುಣಿಗಲ್ಲಿನ ಣಕಾರ ಮೂರ್ಧನ್ಯ, ಎಂದರೆ ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಿಸಿ ಅಂಗುಳಕ್ಕೆ ತಾಗಿಸಿ ನುಡಿಯಬೇಕಾದ ಧ್ವನಿ. ಆ ಮಡಿಕೆ ಇನ್ನೂ ಕೈಗೂಡದ ಮಗು ‘ಕುನಿಗಲ್’ ಎನ್ನುತ್ತದೆ. ತುಮಕೂರಿನ ರಕಾರವಂತೂ ತೀರ ತಡವಾಗಿ ಒಲಿಯುವ ಧ್ವನಿಗಳಲ್ಲೊಂದಾಗಿದ್ದು, ಅಲ್ಲಿಯವರೆಗೆ ಜಿಲ್ಲಾಕೇಂದ್ರದ ಹೆಸರು ‘ತುಮಕೂಲು’ ಎಂದೇ ಇರುತ್ತದೆ.

ಇವು ವಯೋಸಹಜವಾದ ತೊದಲು. ನಾಲ್ಕು ವರ್ಷದ ಹೊತ್ತಿಗೆ ಮಗುವಿನ ಮಾತು ಹೊರಗಿನವರಿಗೂ ಬಹುಮಟ್ಟಿಗೆ ತಿಳಿಯುವಂತಿದ್ದರೆ, ಒಂದೆರಡು ಅಕ್ಷರ ತಪ್ಪಿದರೂ ಚಿಂತೆಗೆ ಕಾರಣವಿಲ್ಲ. ತೊದಲೇ ಅಲ್ಲದ್ದನ್ನು ತೊದಲೆಂದು ತಿದ್ದುವುದು ಇನ್ನೊಂದು ತಪ್ಪು. ಹಳ್ಳಿಯ ಮನೆಗಳಲ್ಲಿ ದೊಡ್ಡವರೇ ಹಾಲನ್ನು ‘ಆಲು’ ಎಂದು ಕರೆಯುವಾಗ, ಅಂಗನವಾಡಿಗೆ ಬಂದು ‘ಆಲು ಬೇಕು’ ಎನ್ನುವ ಮಗು ತನ್ನ ಮನೆಮಾತನ್ನು ಸರಿಯಾಗಿಯೇ ಕಲಿತಿದೆ. ಉರ್ದು ಅಥವಾ ತೆಲುಗು ಮನೆಮಾತಾಗಿರುವ ಮಗುವಿನ ಕನ್ನಡ ಅಸ್ಪಷ್ಟವೆನಿಸಿದರೆ, ಮನೆಮಾತಿನಲ್ಲಿಯೂ ಹಾಗೆಯೇ ಇದೆಯೇ ಎಂದು ತಾಯಿಯನ್ನು ಕೇಳದೆ ತೀರ್ಮಾನಕ್ಕೆ ಬರುವುದು ಸಲ್ಲದು. ಎರಡು ಭಾಷೆಗಳ ನಡುವೆ ಬೆಳೆಯುವುದರಿಂದ ಮಾತು ಕೆಡುತ್ತದೆ ಎಂಬುದು ಆಧಾರವಿಲ್ಲದ ನಂಬಿಕೆ.

ಹಾಗಿದ್ದರೆ ನೆರವಾಗುವುದು ಹೇಗೆ? ‘ಲಾಗಿ ಮುದ್ದೆ ತಿಂದೆ’ ಎಂದ ಮಗುವನ್ನು ಎಲ್ಲರೆದುರು ನಿಲ್ಲಿಸಿ ‘ರಾ ಅನ್ನು, ರಾ ಅನ್ನು’ ಎಂದು ಒತ್ತಾಯಿಸಿದರೆ, ಉಳಿದ ಮಕ್ಕಳು ನಗುತ್ತಾರೆ, ಆ ಮಗು ಮರುದಿನದಿಂದ ಮಾತನ್ನೇ ಕಡಿಮೆ ಮಾಡುತ್ತದೆ. ಅದರ ಬದಲು ‘ಹೌದಾ ಪುಟ್ಟ, ರಾಗಿಮುದ್ದೆ ತಿಂದ್ಯಾ? ರಾಗಿಮುದ್ದೆಗೆ ಸಾರು ಏನಿತ್ತು?’ ಎಂದು ಸರಿಯಾದ ರೂಪವನ್ನು ಮಾತಿನ ಓಟದಲ್ಲಿಯೇ ಎರಡು ಬಾರಿ ಕಿವಿಗೆ ಹಾಕುವುದು ಮೇಲು; ಮಗು ತಿರುಗಿ ಹೇಳಲೇಬೇಕೆಂಬ ನಿರ್ಬಂಧ ಇದರಲ್ಲಿಲ್ಲ. ಮಗುವಿನ ಎತ್ತರಕ್ಕೆ ಕುಳಿತು, ತುಟಿಯ ಚಲನೆ ಅದಕ್ಕೆ ಕಾಣುವಂತೆ ಮಾತನಾಡುವುದೂ, ಕುಕ್ಕರಿನ ಸೀಟಿ ಮತ್ತು ಪಾತ್ರೆಗಳ ಸದ್ದು ಅಡಗಿದ ಮೇಲೆ ಕತೆ ಹೇಳುವುದೂ ಅಷ್ಟೇ ಮುಖ್ಯ. 1884ರಲ್ಲಿ ಹುಟ್ಟಿದ ಗುಬ್ಬಿಯ ನಾಟಕ ಕಂಪನಿಯ ನಟರು ಹಿಂದಿನ ಸಾಲಿಗೂ ಮುಟ್ಟುವಂತೆ ಗಟ್ಟಿಯಾಗಿ ನುಡಿಯಬೇಕಾಗಿತ್ತು. ಎಳೆಯರಿಗೆ ಬೇಕಾದದ್ದು ಗಟ್ಟಿ ದನಿಯಲ್ಲ, ಹತ್ತಿರದ ದನಿ.

ಇಷ್ಟಾದರೂ ಮಾತು ತಿಳಿಯಾಗದಿದ್ದರೆ ಮೊದಲು ಪರೀಕ್ಷಿಸಬೇಕಾದದ್ದು ನಾಲಿಗೆಯನ್ನಲ್ಲ, ಕಿವಿಯನ್ನು. ನೆಗಡಿ ಮರುಕಳಿಸಿ ಕಿವಿತಮಟೆಯ ಹಿಂದೆ ದ್ರವ ನಿಂತರೆ ಶಬ್ದ ಮಂದವಾಗಿ ಕೇಳುತ್ತದೆ, ಮಂದವಾಗಿ ಕೇಳಿದ್ದು ಮಂದವಾಗಿಯೇ ಹೊರಬರುತ್ತದೆ. ಮಾತು ಚೆನ್ನಾಗಿ ಬರಲೆಂದು ನಾಲಿಗೆಗೆ ಬಜೆ ತೇಯ್ದು ಸವರುವ ಮನೆಗಳಿವೆ. ಕಿವಿಯ ತೊಂದರೆಗೆ ಅದು ಮದ್ದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸಂಚಾರಿ ವೈದ್ಯಕೀಯ ತಂಡಗಳು ವರ್ಷಕ್ಕೆರಡು ಬಾರಿ ಅಂಗನವಾಡಿ ಮಕ್ಕಳನ್ನು ತಪಾಸಣೆ ಮಾಡಬೇಕೆಂದಿದ್ದು, ಶ್ರವಣದೋಷ, ಸೀಳುತುಟಿ, ಸೀಳಂಗುಳ, ಭಾಷೆ ತಡವಾಗುವುದು ಅದರ ಪಟ್ಟಿಯಲ್ಲಿವೆ. ಹೆಚ್ಚಿನ ಪರೀಕ್ಷೆಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆದರೆ ತಂಡ ಬಂದ ದಿನ ಅಪರಿಚಿತರ ಮುಂದೆ ಮಗು ಬಾಯಿ ಬಿಡದಿರುವುದು ಸಾಮಾನ್ಯವಾದ್ದರಿಂದ, ಕಾರ್ಯಕರ್ತೆಯ ಪುಸ್ತಕದಲ್ಲಿ ‘ಮಾತು ಸರಿಯಿಲ್ಲ’ ಎಂದಷ್ಟೇ ಇರುವುದಕ್ಕಿಂತ, ‘ಗುಬ್ಬಿಯನ್ನು ಉಬ್ಬಿ ಎನ್ನುತ್ತದೆ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ’ ಎಂಬ ಟಿಪ್ಪಣಿ ವೈದ್ಯರಿಗೆ ಹೆಚ್ಚು ಕೆಲಸಕ್ಕೆ ಬರುತ್ತದೆ.