ಹಾಡಿನ ಕೊನೆಯ ನುಡಿಯಲ್ಲಿ ಹೆಸರು

ರೋಣದಲ್ಲಿ 1922ರಲ್ಲಿ ಹುಟ್ಟಿದ ಒಬ್ಬ ಹುಡುಗನಿಗೆ ಬ್ಯಾಂಡು ಬಾರಿಸುತ್ತ ಮೆರವಣಿಗೆ ಹೊರಟಿತೆಂದರೆ ಅದರ ಬೆನ್ನು ಹತ್ತುವ ಚಟ. ದಣಿದಲ್ಲೇ ಮಲಗಿಬಿಡುತ್ತಿದ್ದ. ಹುಡುಕಿ ಬೇಸತ್ತ ತಂದೆ ಗುರುರಾಜ ಜೋಶಿಯವರು, ಇವನು ಜೋಶಿ ಮಾಸ್ತರರ ಮಗ ಎಂದು ಅಂಗಿಯ ಮೇಲೇ ಬರೆಸಿಬಿಟ್ಟರಂತೆ. ಆ ಹುಡುಗ ಭೀಮಸೇನ ಜೋಶಿ. ಅಬ್ದುಲ್ ಕರೀಂ ಖಾನರು ಝಿಂಝೋಟಿಯಲ್ಲಿ ಹಾಡಿದ ಠುಮರಿಯ ಗ್ರಾಮಫೋನ್ ತಟ್ಟೆ ಕೇಳಿ, ಹಾಡಿದರೆ ಹೀಗೆ ಹಾಡಬೇಕು ಎಂದು ಹಟ ಹಿಡಿದು 1933ರಲ್ಲಿ ಮನೆ ಬಿಟ್ಟ. ಗುರುವನ್ನು ಹುಡುಕಿಕೊಂಡು ಊರೂರು ಅಲೆದು, ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆ ಸೇರಿದ. ದೇಶ ಕಂಡ ದೊಡ್ಡ ಗಾಯಕನೊಬ್ಬನಿಗೆ ಮೊದಲ ದಾರಿ ತೋರಿಸಿದ್ದು ಒಂದು ಯಂತ್ರ ಎಂಬುದನ್ನು ನಾವು ಮರೆಯಬಾರದು.

ಮುಂದೆ ಅವರ ಬಾಳೆಲ್ಲ ಹೊಸ ಯಂತ್ರಗಳ ಜೊತೆಗೇ ನಡೆಯಿತು. ಆಗಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ತಾಸುಗಟ್ಟಲೆ ಬೆಳೆಸುವ ರಾಗವನ್ನು ಅಷ್ಟರಲ್ಲೇ ಮುಗಿಸಬೇಕಿತ್ತು. ಆಮೇಲೆ ಮುಂಬೈ ರೇಡಿಯೊ, ಎಲ್‌ಪಿ, ಕ್ಯಾಸೆಟ್. 1988ರಲ್ಲಿ ದೂರದರ್ಶನದ ‘ಮಿಲೇ ಸುರ್ ಮೇರಾ ತುಮ್ಹಾರಾ’. ಅವರ ದಾಸವಾಣಿ ಕ್ಯಾಸೆಟ್ಟಿನಲ್ಲಿ ಕನ್ನಡದ ಮನೆಮನೆಗೆ ಬಂತು. ಯಾವುದಕ್ಕೂ ಅವರು ಬೆನ್ನು ತಿರುಗಿಸಲಿಲ್ಲ, ಯಾವುದಕ್ಕಾಗಿಯೂ ಸ್ವರ ಸಡಿಲ ಬಿಡಲಿಲ್ಲ.

ಈಗ ಧ್ವನಿಮುದ್ರಣ ಕಿಸೆಯೊಳಗಿದೆ. ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಭಜನೆ ಮೇಳ, ಗೀಗೀ ಪದ, ಮೊಹರಮ್ಮಿನ ರಿವಾಯತ್ ಪದ ಯಾವುದನ್ನಾದರೂ ರಾತ್ರಿ ಮೊಬೈಲಿನಲ್ಲಿ ಹಿಡಿದು ಬೆಳಗಾಗುವುದರೊಳಗೆ ಯೂಟ್ಯೂಬಿಗೆ ಏರಿಸಬಹುದು. ಇದರ ಜೊತೆಗೆ ಉತ್ತರ ಕರ್ನಾಟಕದ್ದೇ ಆದ ಹೊಸ ಬಗೆಯೊಂದು ಹುಟ್ಟಿದೆ: ಕೀಬೋರ್ಡು, ಕಂಪ್ಯೂಟರ್ ತಾಳ ಕೂಡಿಸಿದ ಜಾನಪದ ಡಿಜೆ ಹಾಡು. ಟ್ರ್ಯಾಕ್ಟರಿನ ಸ್ಪೀಕರಿನಿಂದ ಹಿಡಿದು ಮದುವೆ ಮೆರವಣಿಗೆಯವರೆಗೆ ಅದರದ್ದೇ ಸದ್ದು. ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ ಅವರು ‘ನಾ ಡ್ರೈವರ’ ಹಾಡಿನಿಂದ ಹೆಸರಾದದ್ದು ಇದೇ ದಾರಿಯಲ್ಲಿ. ಸಿನಿಮಾದವರ ಬಾಗಿಲು ಕಾಯಬೇಕಾಗಲಿಲ್ಲ. ಕೆಲವು ಹಾಡುಗಳ ಮಾತು ಒರಟು, ತಾಳವೂ ಒಂದೇ ತೆರನದು ಎನ್ನುವವರಿದ್ದಾರೆ. ಆ ದೂರಿನಲ್ಲಿ ಸತ್ಯವಿದೆ. ಆದರೂ ಹಳ್ಳಿಯ ಹುಡುಗ ತನ್ನೂರ ಆಡುಮಾತಿನಲ್ಲೇ ಹಾಡು ಕಟ್ಟಿ, ಅದನ್ನು ಲಕ್ಷಾಂತರ ಮಂದಿ ಕೇಳುವುದು ಸಣ್ಣ ಸಂಗತಿಯಲ್ಲ.

ನನಗೆ ನೋವಾಗುವುದು ಬೇರೆ ಕಡೆ. ಚಾನೆಲ್ಲಿಗೆ ಜಾಹೀರಾತಿನ ಹಣ ಬರಬೇಕಾದರೆ 1,000 ಚಂದಾದಾರರಿರಬೇಕು. ಜೊತೆಗೆ ಒಂದು ವರ್ಷದಲ್ಲಿ 4,000 ತಾಸು ವೀಕ್ಷಣೆ ಆಗಬೇಕು, ಇಲ್ಲವೇ ಶಾರ್ಟ್ಸ್ ಎಂಬ ಚಿಕ್ಕ ವಿಡಿಯೊಗಳಿಗೆ ಬೇರೆಯಾಗಿ ಗೊತ್ತುಮಾಡಿದಷ್ಟು ವೀಕ್ಷಣೆ ಸಿಗಬೇಕು. ಕೂಲಿನಾಲಿ ಮಾಡುತ್ತ ಹಾಡುವವರಿಗೆ ಅಷ್ಟು ಕಾಯಲು ಪುರುಸೊತ್ತಿಲ್ಲ. ಹಾಗಾಗಿ ಈಗಾಗಲೇ ನಡೆಯುತ್ತಿರುವ ಇನ್ನೊಬ್ಬರ ಚಾನೆಲ್ಲಿಗೆ ಹಾಡು ಕೊಡುತ್ತಾರೆ. ಕೈಗೆ ಒಂದಿಷ್ಟು ದುಡ್ಡು ಬರುತ್ತದೆ, ಮಾತು ಬಾಯಲ್ಲೇ ಮುಗಿಯುತ್ತದೆ. ಹಾಡು ಓಡಿದರೆ ಲಾಭ ಚಾನೆಲ್ಲಿನವರದ್ದು. ಹಾಡುಗಾರರಿಗೆ ಉಳಿಯುವುದು ಜಾತ್ರೆಯ ರಸಮಂಜರಿಗೆ ಸಿಗುವ ಸಂಭಾವನೆ. ಭಜನೆಯ ಅಜ್ಜಂದಿರಿಗೆ, ಸೋಬಾನೆ ಹಾಡುವ ಅವ್ವಂದಿರಿಗೆ ಅದೂ ಇಲ್ಲ. ಎಷ್ಟೋ ವಿಡಿಯೊಗಳ ಕೆಳಗೆ ಅವರ ಹೆಸರೇ ಇರುವುದಿಲ್ಲ.

ಹೆಸರನ್ನು ಕಾಯ್ದುಕೊಳ್ಳುವ ಜಾಣತನ ನಮ್ಮ ಹಾಡುಗಾರರಲ್ಲಿ ಮೊದಲಿನಿಂದ ಇತ್ತು. ಲಾವಣಿಯ ಕೊನೆಯ ನುಡಿಯಲ್ಲಿ ಊರು, ಗುರು, ಕವಿ ಮೂರರ ಹೆಸರೂ ಬರುತ್ತದೆ. ಇಂದಿನ ಡಿಜೆ ಹಾಡುಗಳಲ್ಲೂ ಬರೆದವರ, ಹಾಡಿದವರ ಹೆಸರು ಕೊನೆಗೆ ಕೇಳಿಸುವುದುಂಟು. 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗಾಯಕಿ ಗೌಹರ್ ಜಾನ್ ಕೂಡ ಮುದ್ರಣದ ಕೊನೆಗೆ ತನ್ನ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳಿದಳು. ಇತ್ತ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು ಗಾಂಧಾರಿ ಎಂಬ ಹೆಸರಿನಲ್ಲಿ ಹೊರಬಂದವು. ಹೆಸರು ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಯೂಟ್ಯೂಬಿನ ಕಾಲದ್ದಲ್ಲ.

ಈಗ ಕಾನೂನು ಹಾಡುಗಾರರ ಪರ ಇದೆ, ತಿಳಿದವರು ಕಡಿಮೆ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆಯಂತೆ, ಹಾಡು ಬರೆದವರು ಮತ್ತು ರಾಗ ಹಾಕಿದವರು ಉಳಿದ ಹಕ್ಕು ಮಾರಿದರೂ ರಾಯಧನದ ಸಮಪಾಲನ್ನು ಬಿಟ್ಟುಕೊಡುವಂತಿಲ್ಲ. ಹಾಡಿದವರಿಗೂ ವ್ಯಾಪಾರಿ ಬಳಕೆಯಲ್ಲಿ ರಾಯಧನದ ಹಕ್ಕಿದೆ. ಕೃತಿಸ್ವಾಮ್ಯದ ವರ್ಗಾವಣೆ ಬರವಣಿಗೆಯಲ್ಲೇ ಆಗಬೇಕು, ಸಹಿ ಇರಬೇಕು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದನ್ನು 5 ವರ್ಷವೆಂದೇ ತಿಳಿಯಬೇಕು. ಕವಿಗಳು, ರಾಗ ಸಂಯೋಜಕರು ಐಪಿಆರ್‌ಎಸ್ ಎಂಬ ಸಂಸ್ಥೆಯ ಸದಸ್ಯರಾಗಿ ರಾಯಧನ ಪಡೆಯಬಹುದು. ಆದರೆ ಅರ್ಜಿ ತುಂಬುವವರು ಯಾರು? ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಕಾಲೇಜಿನ ಕನ್ನಡ ವಿಭಾಗ, ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕ ಮನಸ್ಸು ಮಾಡಿದರೆ ಇದು ಒಂದು ಮಧ್ಯಾಹ್ನದ ಕೆಲಸ. ಹಾಡುಗಾರರ ಸನ್ಮಾನಕ್ಕೆ ಶಾಲು, ಹಾರ ತರುವ ನಾವು ಇಷ್ಟನ್ನೂ ಮಾಡಬೇಕು.

ಹಾಡುವ ಗೆಳೆಯರೇ, ಹಾಡು ಕೊಡುವ ಮುಂಚೆ ಒಂದು ಹಾಳೆಯಲ್ಲಾದರೂ ಬರೆಸಿಕೊಳ್ಳಿ: ಎಷ್ಟು ವರ್ಷಕ್ಕೆ, ಎಷ್ಟು ಪಾಲಿಗೆ, ಯಾರ ಹೆಸರಿನಲ್ಲಿ. ವಿಡಿಯೊ ಏರಿಸುವ ತಮ್ಮಂದಿರೇ, ಹಾಡಿದ ಅವ್ವನ ಒಪ್ಪಿಗೆ ಕೇಳಿ, ಅವಳ ಹೆಸರು, ಊರು ಕೆಳಗೆ ಹಾಕಿ. ಅದರಿಂದ ದುಡ್ಡು ಬಂದರೆ ಅವಳ ಪಾಲನ್ನು ಅವಳ ಮನೆಗೆ ಮುಟ್ಟಿಸಿ.